ವೇಗದ ಮದ್ದು

ಮೇಸ್ತ್ರಿ ಬಾಗಿಲನ್ನು ಎರಡೂ ಕೈಯಲ್ಲಿ ಎತ್ತಿ ಗೋಡೆಗೆ ಬಡಿದ. ಅದಿನ್ನೂ ಪೂರ್ತಿ ಬಾಗಿಲಾಗಿರಲಿಲ್ಲ. ಮೇಲರ್ಧದಲ್ಲಿ ಬಳ್ಳಿಯ ಕೆತ್ತನೆ ಮುಗಿದಿತ್ತು. ಕೆಳಗೆ ಬರುವಾಗ ಮಷಿನ್ ತಡವರಿಸಿ, ಬಳ್ಳಿಯ ದಾರಿ ಬಿಟ್ಟು, ಹಲಗೆಯನ್ನು ಉದ್ದಕ್ಕೆ ಸೀಳಿಕೊಂಡು ಹೋಗಿತ್ತು. ಬಡಿದ ರಭಸಕ್ಕೆ ಹಲಗೆ ಎರಡಾಯಿತು. ಅಷ್ಟಕ್ಕೂ ಸಮಾಧಾನವಾಗಲಿಲ್ಲ. ದೊಡ್ಡ ತುಂಡಿನ ಮೇಲೆ ಕಾಲಿಟ್ಟು, ಮರದ ಸುತ್ತಿಗೆಯಂಥ ಕೊಡತಿ ತೆಗೆದುಕೊಂಡು, ಬಳ್ಳಿಯ ಎಲೆಗಳನ್ನು ಒಂದೊಂದಾಗಿ ಜಜ್ಜಿದ.

ಕಂಪ್ಯೂಟರಿನ ಮುಂದೆ ಕೂತಿದ್ದ ಅವನ ಹೆಂಡತಿ ಸುಮ್ಮನೆ ನೋಡುತ್ತಿದ್ದಳು. ಆ ಎಲೆಗಳನ್ನು ಬರೆದವಳು ಅವಳೇ. ಮದುವೆಗೆ ಮುಂಚೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿಕೊಂಡಿದ್ದವಳು ಈಗ ಗಂಡನ ಬಾಗಿಲು ಕಾರ್ಖಾನೆಗೆ ಕೆತ್ತನೆಯ ಚಿತ್ರ ಬರೆಯುತ್ತಿದ್ದಳು. ಚಿತ್ರ ಕಂಪ್ಯೂಟರಿನಿಂದ ಮಷಿನ್‌ಗೆ ಹೋಗುತ್ತಿತ್ತು. ಮಷಿನ್ನಿನ ತಲೆ ಹಳಿಗಳ ಮೇಲೆ ಅತ್ತಿತ್ತ ಸರಿದಾಡಿ, ಗರಗರ ಸುತ್ತುವ ಬಿಟ್‌ನಿಂದ ಮರವನ್ನು ಕೊರೆಯುತ್ತಿತ್ತು. ಇತ್ತೀಚೆಗೆ ಕಂಪ್ಯೂಟರ್ ಮಂದವಾಗಿತ್ತು. ಮಧ್ಯೆ ಮಧ್ಯೆ ಉಸಿರು ಕಟ್ಟಿದಂತೆ ನಿಲ್ಲುತ್ತಿತ್ತು, ಮಷಿನ್‌ಗೆ ಹೋಗಬೇಕಾದ ಸೂಚನೆ ತಪ್ಪುತ್ತಿತ್ತು. ಮರಕ್ಕೆ ಅದೆಲ್ಲ ಗೊತ್ತಾಗುತ್ತದೆಯೇ? ಸೀಳುತ್ತಿತ್ತು.

"ಇನ್ನೆಷ್ಟು ಹಲಗೆ ತಿನ್ನುತ್ತೆ ಇದು?" ಎಂದ ಮೇಸ್ತ್ರಿ, ಕೊಡತಿ ಬಿಸಾಡಿ.

ಬಾಗಿಲ ಬಳಿ ಕೂತು ಕಾಲುಮಣೆಗೆ ಬಣ್ಣ ಹಚ್ಚುತ್ತಿದ್ದ ಪಾಲಿಶ್ ಮಾಮ ತಲೆ ಎತ್ತಲಿಲ್ಲ. ಮೇಸ್ತ್ರಿಗೆ ಕೋಪ ಬಂದಾಗ ಕಣ್ಣಿಗೆ ಬೀಳಬಾರದೆಂದು ಅವನು ಕಲಿತು ಬಹಳ ಕಾಲವಾಗಿತ್ತು. ಮೇಸ್ತ್ರಿ ತಾನಾಡಿದ್ದನ್ನು ಮಾಡಿಯೇ ತೀರುವವನು ಎಂದು ಬೀದಿಯವರೆಲ್ಲ ಹೊಗಳುತ್ತಿದ್ದರು. ಇನ್ನೊಮ್ಮೆ ನೆನೆದ ಮರ ತಂದರೆ ಹಲ್ಲು ಉದುರಿಸುತ್ತೇನೆ ಎಂದು ಲಾರಿ ಡ್ರೈವರಿಗೆ ಹೇಳಿದ್ದ. ಡ್ರೈವರ್ ತಂದ, ಇವನು ಉದುರಿಸಿದ. ಹೆಂಡತಿಯ ಮೇಲೆ ಮಾತ್ರ ಇಂದಿನವರೆಗೆ ಕೈ ಎತ್ತಿರಲಿಲ್ಲ. ಅವಳ ಸುತ್ತ ಇದ್ದದ್ದರ ಮೇಲೆಲ್ಲ ಎತ್ತಿದ್ದ.

ಮಧ್ಯಾಹ್ನ ಅವಳ ತಮ್ಮ ಬಂದ. ಒಂದು ಕಡೆ ನಿಲ್ಲುವ ಜಾಯಮಾನವಲ್ಲ ಅವನದು. ಚಿಕ್ಕಂದಿನಲ್ಲಿ ಅಕ್ಕನೇ 'ಪಾದರಸ' ಎಂದು ಹೆಸರಿಟ್ಟಿದ್ದಳು, ಅದೇ ಉಳಿದಿತ್ತು. ಫೋನ್ ಅಂಗಡಿಯೊಂದರಲ್ಲಿ ಕೆಲಸ. ಮುರಿದ ಹಲಗೆ ನೋಡಿ ಸಿಳ್ಳೆ ಹಾಕಿದ.

"ಭಾವ, ಮರದ ಮೇಲೆ ಯಾಕೆ ಸಿಟ್ಟು? ಕಂಪ್ಯೂಟರ್‌ಗೆ ಹೊಟ್ಟೆ ಕಟ್ಟಿದೆ ಅಷ್ಟೆ. ಒಂದು ಮದ್ದು ಕುಡಿಸಿಬಿಟ್ರೆ ಕುದುರೆ ಥರ ಓಡುತ್ತೆ." ಜೇಬಿನಿಂದ ಪೆನ್‌ಡ್ರೈವ್ ತೆಗೆದ. "ಸ್ಪೀಡಪ್ ಸಾಫ್ಟ್‌ವೇರ್. ನಮ್ಮಂಗಡೀಲಿ ಎಲ್ಲರಿಗೂ ಇದನ್ನೇ ಹಾಕಿಕೊಡೋದು."

"ಏನು ಮಾಡುತ್ತೋ ಇದು?" ಅಕ್ಕ ಕೇಳಿದಳು.

"ಕ್ಲೀನ್ ಮಾಡುತ್ತೆ. ಬೇಡದ್ದನ್ನೆಲ್ಲ ನಿಲ್ಲಿಸುತ್ತೆ."

"ಯಾವುದು ಬೇಡದ್ದು?"

"ಅದಕ್ಕೇ ಗೊತ್ತಾಗುತ್ತೆ ಅಕ್ಕ."

"ಮಷಿನ್ ಓಡಿಸೋದೇ ಬೇಡದ್ದು ಅಂತ ಅದಕ್ಕೆ ಅನ್ನಿಸಿದ್ರೆ?"

"ಭಾವ, ನೋಡಿ ಇವಳನ್ನ! ಲ್ಯಾಬಲ್ಲಿ ಚಿಟಿಕೆ ಉಪ್ಪನ್ನ ಮೂರು ಸಲ ತೂಗ್ತಿದ್ದೋಳು, ಇನ್ನೂ ಹಾಗೇ ಇದಾಳೆ."

ಮೇಸ್ತ್ರಿ ನಗಲಿಲ್ಲ. "ಹಾಕು" ಎಂದ.

ಪರದೆಯ ಮೇಲೆ ದೊಡ್ಡದೊಂದು ದುಂಡು ಮಾಪಕ ಮೂಡಿತು. ಅದರ ಮುಳ್ಳು ಕೆಂಪಿನಲ್ಲಿ ನಡುಗಿತು. ಸಾವಿರಕ್ಕೂ ಮೀರಿ ತೊಂದರೆಗಳಿವೆ ಎಂದು ದಪ್ಪಕ್ಷರದಲ್ಲಿ ಬಂದಾಗ ಮೇಸ್ತ್ರಿ ಬಗ್ಗಿ ನೋಡಿದ. ಸ್ವಂತ ಮೈಯ ಎಕ್ಸ್-ರೇ ನೋಡುವವನ ಮುಖವಾಗಿತ್ತು ಅವನದು. ಪಾದರಸ ಒಂದು ಗುಂಡಿ ಒತ್ತಿದ. ಶೇಕಡಾ ಲೆಕ್ಕ ಏರುತ್ತಾ ಹೋಗಿ, ಮುಳ್ಳು ಹಸಿರಿಗೆ ಬಂದು ನಿಂತಿತು. 'ನಿಮ್ಮ ಕಂಪ್ಯೂಟರ್ ಈಗ ವೇಗವಾಗಿದೆ.'

"ಇನ್ನೊಂದ್ಸಲ ಓಡಿಸು" ಎಂದಳು ಅಕ್ಕ.

ಇನ್ನೊಂದು ಸಲ ಓಡಿಸಿದ. ಈ ಸಲವೂ ನೂರಾರು ತೊಂದರೆಗಳು ಸಿಕ್ಕವು.

"ಈಗ ತಾನೇ ಎಲ್ಲ ಸರಿಮಾಡ್ತಲ್ಲ?"

"ಹೊಸದಾಗಿ ಹುಟ್ಟಿರುತ್ತೆ."

"ಒಂದು ಚಹಾ ಕುಡಿಯೋದ್ರೊಳಗೆ?"

"ನಮ್ಮನೆ ಸೊಳ್ಳೆ ಥರ" ಎಂದ ಪಾಲಿಶ್ ಮಾಮ, ಕೆಳಗೆ ನೋಡುತ್ತಲೇ.

ಅವಳು ಗೋಡೆ ಗಡಿಯಾರ ನೋಡಿಕೊಂಡು ದೊಡ್ಡ ಕೆತ್ತನೆಯ ಚಿತ್ರವೊಂದನ್ನು ತೆರೆದಳು. ಬೆಳಿಗ್ಗೆಯೂ ಹೀಗೇ ಗಡಿಯಾರ ನೋಡಿ ತೆರೆದಿದ್ದಳು. ಬೆಳಿಗ್ಗೆ ತೆಗೆದುಕೊಂಡಷ್ಟೇ ಹೊತ್ತು ಈಗಲೂ ತೆಗೆದುಕೊಂಡಿತು. "ಒಂದು ಚೂರೂ ಬದಲಾಗಿಲ್ಲ" ಎಂದಳು. "ಮುಟ್ಟಿ ನೋಡಿ, ಕಂಪ್ಯೂಟರ್ ಡಬ್ಬ ಸುಡ್ತಿದೆ. ಒಳಗೆ ಬಿಸಿ ಆದ್ರೆ ಅದು ತಾನಾಗೇ ನಿಧಾನ ಆಗುತ್ತೆ. ಬಿಚ್ಚಿ ನೋಡ್ಬೇಕು."

"ಬಿಚ್ಚೋದೇನೂ ಬೇಡ" ಎಂದ ಮೇಸ್ತ್ರಿ. "ಈ ಶೆಡ್ಡಲ್ಲಿ ಅದೊಂದನ್ನೇ ನಾನು ಅಷ್ಟು ಕ್ಲೀನಾಗಿ ಇಟ್ಟಿರೋದು."

ಅದು ನಿಜವಾಗಿತ್ತು. ಕಿಟಕಿಗೆ, ಬಲ್ಬಿಗೆ, ಪಾಲಿಶ್ ಮಾಮನ ಹುಬ್ಬಿಗೆ ಕೂಡ ಮರದ ಪುಡಿ ಮೆತ್ತಿದ್ದರೂ ಆ ಡಬ್ಬವೊಂದು ಮಾತ್ರ ಯಾವಾಗಲೂ ಥಳಥಳ ಹೊಳೆಯುತ್ತಿತ್ತು. ಅದು ಹೇಗೆ ಎಂದು ಅವಳು ಯೋಚಿಸಿರಲಿಲ್ಲ.

"ಅಕ್ಕನ ಮಾತು ಬಿಡಿ ಭಾವ" ಎಂದ ಪಾದರಸ, ಹೊರಡುವ ಅವಸರದಲ್ಲಿ. "ಇನ್ಮೇಲೆ ಮಷಿನ್ ಒಂದೇ ಒಂದ್ಸಲ ನಿಂತ್ರೆ ನನ್ನ ಕೈ ಮುರಿದು ಹಾಕಿ."

ಹಾಗೆ ಹೇಳಿ ನಕ್ಕ. ಬಾಯಿಗೆ ಬಂದದ್ದು, ಅಷ್ಟೆ. ಮೇಸ್ತ್ರಿ ಅವನನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿದ.

"ಆಯ್ತು" ಎಂದ. "ನಿಂತ ದಿನ ಮುರೀತೀನಿ."

ಪಾದರಸ ನಗುತ್ತಲೇ ಬೈಕ್ ಹತ್ತಿದ. ಬೈಕ್ ಬೀದಿಯ ತಿರುವು ದಾಟುವವರೆಗೂ ಅಕ್ಕ ನೋಡುತ್ತಲೇ ಇದ್ದಳು. ಅವಳಿಗೆ ಲಾರಿ ಡ್ರೈವರಿನ ಬಾಯಿ ನೆನಪಿತ್ತು.

ಎರಡು ದಿನ ಎಲ್ಲ ಸರಿಯಿತ್ತು. ಚಳಿ ಹವೆ, ಕಂಪ್ಯೂಟರಿಗೂ ಹಿತವಾಗಿತ್ತೋ ಏನೋ. "ನಿನ್ನ ತಮ್ಮ ಪರವಾಗಿಲ್ಲ ಕಣೆ" ಎಂದು ಮೇಸ್ತ್ರಿ ಊಟದ ಮಧ್ಯೆ ಹೊಗಳಿದ. ಆಮೇಲೊಂದು ಮಧ್ಯಾಹ್ನ ಅವಳು ಬೇಗ ಉಂಡು ಮಹಡಿಯ ಮನೆಯಿಂದ ಕಾರ್ಖಾನೆಗೆ ಇಳಿದು ಬಂದಾಗ ಮಷಿನ್ ನಿಂತಿತ್ತು. ಬಿಟ್ ಸುತ್ತುತ್ತಿತ್ತು, ತಲೆ ಮಾತ್ರ ಅಲುಗುತ್ತಿರಲಿಲ್ಲ. ಪರದೆಯ ತುಂಬ ಆ ದುಂಡು ಮಾಪಕ. ಮುಳ್ಳು ಕೆಂಪಿನಿಂದ ಹಸಿರಿನತ್ತ ಹೊರಟಿತ್ತು. ಅವಳು ಮೌಸ್ ಆಡಿಸಿದಳು, ಬಾಣ ಮಿಸುಕಲಿಲ್ಲ. ಗಂಡಸರು ಇನ್ನೂ ಊಟದಲ್ಲಿದ್ದರು, ಯಾರೂ ನೋಡಿರಲಿಲ್ಲ. ಮುಳ್ಳು ಹಸಿರು ಮುಟ್ಟಿದ್ದೇ ಮಷಿನ್ ಮೈಕೊಡವಿದಂತೆ ಎದ್ದು, ಯಾರ ಅಪ್ಪಣೆಗೂ ಕಾಯದೆ, ನಿಲ್ಲಿಸಿದಲ್ಲಿಂದ ಕೊರೆಯಲು ಶುರುಮಾಡಿತು.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಅದು ನಿಂತಿರಲಿಲ್ಲ, ಕಾಯುತ್ತಿತ್ತು. ಆ ವ್ಯತ್ಯಾಸ ಅವಳ ಮನಸ್ಸಿನಲ್ಲಿ ಮೊಳೆಯಂತೆ ಕೂತಿತು.

ಹಿತ್ತಿಲಿಗೆ ಹೋಗಿ ತಮ್ಮನಿಗೆ ಫೋನ್ ಮಾಡಿದಳು. "ಮಧ್ಯಾಹ್ನ ನಿನ್ನ ಸಾಫ್ಟ್‌ವೇರ್ ತಾನಾಗೇ ಶುರು ಆಗುತ್ತಲ್ಲೋ!"

"ಹೌದಕ್ಕ, ನಾನೇ ಹಾಗೆ ಇಟ್ಟಿದ್ದೀನಿ. ದಿನಾ ಊಟದ ಹೊತ್ತಲ್ಲಿ ಕ್ಲೀನ್ ಮಾಡ್ಕೊಳ್ಳುತ್ತೆ. ಆಗ ಯಾರೂ ಕಂಪ್ಯೂಟರ್ ಮುಟ್ಟಲ್ಲ ಅಲ್ವಾ?"

"ಅದು ನಿಮ್ಮಂಗಡೀಲಿ. ಇಲ್ಲಿ ನಾವು ಊಟಕ್ಕೆ ಹೋಗೋವಾಗಲೇ ಉದ್ದನೇ ಕೆತ್ತನೆ ಇಟ್ಟು ಹೋಗೋದು. ಮನುಷ್ಯರು ಉಣ್ಣೋವಾಗ ಮಷಿನ್ ದುಡೀಬೇಕು, ಅದೇ ಲೆಕ್ಕ."

"ಭಾವಂಗೆ ಗೊತ್ತಾಯ್ತಾ?"

"ಇಲ್ಲ. ನಾನು ತೆಗೆಯೋಕೆ ನೋಡ್ದೆ, ಹೋಗ್ತಾ ಇಲ್ಲ. ಪಾಸ್‌ವರ್ಡ್ ಕೇಳುತ್ತೆ. ನಾಳೆ ಹನ್ನೆರಡರೊಳಗೆ ಬಂದು ತೆಗೆದು ಹಾಕು. ತಡ ಮಾಡ್ಬೇಡ. ಕೈ ಬೇಕು ಅಂದ್ರೆ ತಡ ಮಾಡ್ಬೇಡ."

ಮರುದಿನ ಹನ್ನೆರಡಾದರೂ ಪಾದರಸನ ಸುಳಿವಿಲ್ಲ. ಮೇಸ್ತ್ರಿ ದೊಡ್ಡ ಬಾಗಿಲಿನ ಹಲಗೆಯನ್ನು ಮಷಿನ್ನಿನ ಮೇಜಿಗೆ ಏರಿಸಿ, ನಾಲ್ಕೂ ಮೂಲೆಗೆ ಕಬ್ಬಿಣದ ಕ್ಲಾಂಪ್ ಬಿಗಿದು, "ಶುರುಮಾಡು" ಎಂದ.

"ಊಟ ಆದ್ಮೇಲೆ ಇಡೋಣ" ಎಂದಳು.

"ಯಾಕೆ?"

ಯಾಕೆಂದು ಹೇಳಿದರೆ ಮಷಿನ್ ನಿಂತಿತ್ತೆಂದು ಹೇಳಿದಂತೆ. ನಿಂತಿತ್ತೆಂದು ಹೇಳಿದರೆ ತಮ್ಮನ ಕೈ. ಅವಳು ನಾಲಿಗೆ ಕಚ್ಚಿಕೊಂಡು ಶುರುಮಾಡಿದಳು. ಊಟಕ್ಕೆ ಮಾತ್ರ ಏಳಲಿಲ್ಲ. ಹಸಿವಿಲ್ಲ ಎಂದು ಅಲ್ಲೇ ಕೂತಳು. ಹೆಂಡತಿ ಏಳದ್ದನ್ನು ಕಂಡು, ಅದೇನು ವಿಶೇಷವೆಂದು ಮೇಸ್ತ್ರಿಯೂ ಮೇಜಿನ ಪಕ್ಕದಲ್ಲೇ ನಿಂತ.

ಬೈಕಿನ ಸದ್ದು ಕೇಳಿದ್ದೂ ಪರದೆಯ ಮೇಲೆ ಮಾಪಕ ಮೂಡಿದ್ದೂ ಒಟ್ಟಿಗೆ.

ಮಷಿನ್ ತಡವರಿಸಿತು. ಎಡಕ್ಕೆ ಹೋಗಬೇಕಾದ ತಲೆ ತಾನೆಲ್ಲಿದ್ದೇನೆಂಬುದನ್ನೇ ಮರೆತು ಮೂಲೆಗೆ ನುಗ್ಗಿ, ಸುತ್ತುವ ಬಿಟ್ ಸಮೇತ ಕ್ಲಾಂಪಿಗೆ ಗುದ್ದಿತು. ಕಿಡಿ ಹಾರಿತು. ಬಿಟ್ ಅರ್ಧಕ್ಕೆ ಮುರಿಯಿತು. ಕಿತ್ತುಬಂದ ಕ್ಲಾಂಪ್ ಮೇಸ್ತ್ರಿಯ ಕೆನ್ನೆಯ ಮೂಳೆಗೆ ಬಡಿದು, ಅವಳ ಕಾಲಬಳಿ ಬಂದು ಬಿತ್ತು. ಮಷಿನ್ನಿನ ತಲೆ ಒಂದು ಗೇಣು ಮೇಲೆದ್ದು ನಿಂತಿತು. ಮುರಿದ ಬಿಟ್ಟಿನ ಮೊಂಡು ತುಂಡು ಇನ್ನೂ ಅದೇ ವೇಗದಲ್ಲಿ ಕಿರುಚುತ್ತಾ ಸುತ್ತುತ್ತಿತ್ತು.

ಮೇಸ್ತ್ರಿ ಕೆನ್ನೆ ಮುಟ್ಟಿಕೊಂಡ. ಬೆರಳುಗಳ ಸಂದಿಯಿಂದ ರಕ್ತ ಇಳಿಯಿತು. ಒಳಗೆ ಬಂದು ಬಾಗಿಲಲ್ಲೇ ನಿಂತಿದ್ದ ಪಾದರಸನನ್ನು ಒಂದು ಕಣ್ಣಿನಿಂದ ನೋಡಿದ. ಇನ್ನೊಂದು ಆಗಲೇ ಊದತೊಡಗಿತ್ತು.

"ನಿಂತಿತು" ಎಂದ.

"ಭಾವ, ಒಂದ್ನಿಮಿಷ, ನಾನು ಅದನ್ನೇ ತೆಗೆಯೋಕೆ..."

ಮಾತು ಮುಗಿಯಲಿಲ್ಲ. ಮೇಸ್ತ್ರಿ ಅವನ ಅಂಗಿಯ ಕೊರಳಪಟ್ಟಿ ಹಿಡಿದು ಎಳೆದು ಹಣೆಗೆ ಹಣೆ ಗುದ್ದಿದ. ಪಾದರಸ ಮೊಣಕಾಲೂರಿದ. ಹಾಗೇ ದರದರ ಎಳೆದು ತಂದು ಮಷಿನ್ನಿನ ಮೇಜಿಗೆ ಒರಗಿಸಿ ಪಕ್ಕೆಗೆ ಮೊಣಕಾಲಿನಿಂದ ಗುದ್ದಿದ. ಏನೋ ಮುರಿದ ಸದ್ದು. ಒಣ ಮರದ ಪಟ್ಟಿ ಮುರಿದಂತೆ. ಪಾದರಸ ಉಸಿರು ತೆಗೆದುಕೊಳ್ಳಲು ಬಾಯಿ ತೆರೆದ, ಉಸಿರು ಬರಲಿಲ್ಲ.

"ಬಿಡಿ ಮೇಸ್ತ್ರಿ, ಹುಡುಗ ಸತ್ತೋಗ್ತಾನೆ" ಎಂದು ಪಾಲಿಶ್ ಮಾಮ ಎದ್ದು ಬಂದ. ಮೇಸ್ತ್ರಿ ಹಿಂದೆ ನೋಡದೆ ಮೊಣಕೈ ಬೀಸಿದ. ಮಾಮ ಬಣ್ಣದ ಡಬ್ಬಗಳ ಮೇಲೆ ಬಿದ್ದ.

ಬಾಮೈದನ ಬಲಗೈಯನ್ನು ಮೇಜಿನ ಮೇಲೆ ಚಾಚಿಸಿ, ಅದರ ಮೇಲೆ ತನ್ನ ಎಡಗೈ ಊರಿ ಒತ್ತಿ ಹಿಡಿದು, ಮೇಸ್ತ್ರಿ ಬಲಗೈಯಲ್ಲಿ ಕೊಡತಿ ಎತ್ತಿಕೊಂಡ. "ನಿನ್ನ ಬಾಯಲ್ಲೇ ಬಂದಿದ್ದು ಕಣೋ. ನಾನು ಕೇಳಿರ್ಲಿಲ್ಲ. ಬಲಗೈಯೋ ಎಡಗೈಯೋ ಅಂತ ಮಾತ್ರ ಹೇಳ್ಲಿಲ್ಲ ನೀನು."

"ಅಕ್ಕಾ!" ಎಂದ ಪಾದರಸ.

ಅವಳು ನೋಡುತ್ತಿದ್ದದ್ದು ಕೊಡತಿಯನ್ನಲ್ಲ, ಪರದೆಯನ್ನು. ಮುಳ್ಳು ಹಸಿರಿನತ್ತ ಹೊರಟಿತ್ತು. ಗಂಡನ ಪಾಲಿಗೆ ಮಷಿನ್ ಸತ್ತಿತ್ತು, ಅದರ ಮೇಜು ಬರೀ ಏಟಿಗೆ ಒಡ್ಡುವ ಅಡೆಗಲ್ಲು. ಆದರೆ ಅದು ಕಾಯುತ್ತಿತ್ತು.

"ಕೈ ತೆಗೀರಿ! ಇಬ್ರೂ ಕೈ ತೆಗೀರಿ! ಮಷಿನ್ ಎದ್ದು ಬರುತ್ತೆ!"

"ಮಧ್ಯೆ ಬರ್ಬೇಡ ಇವತ್ತು" ಎಂದು ಮೇಸ್ತ್ರಿ ಇನ್ನಷ್ಟು ಒತ್ತಿ ಹಿಡಿದ.

ಅವಳು ಮಷಿನ್ ನಿಲ್ಲಿಸುವ ಕೆಂಪು ಗುಂಡಿಗೆ ಗುದ್ದಿದಳು. ಏನೂ ಆಗಲಿಲ್ಲ. ಅಪಾಯಕ್ಕೆಂದು ಇದ್ದ ಆ ಗುಂಡಿ ಕೂಡ ಕಂಪ್ಯೂಟರಿಗೇ ಹೇಳಬೇಕಿತ್ತು. ಕಂಪ್ಯೂಟರ್ ಈಗ ಯಾರ ಮಾತೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ವೈರು ಕಿತ್ತರೂ ಯುಪಿಎಸ್ ಅದನ್ನು ಬದುಕಿಸಿಕೊಳ್ಳುತ್ತಿತ್ತು. ಮೇನ್ ಸ್ವಿಚ್ಚು ಆ ಕಡೆ ಗೋಡೆಯಲ್ಲಿ, ಹಲಗೆಗಳ ರಾಶಿಯ ಆಚೆ. ಮುಳ್ಳಿಗೆ ಇನ್ನು ಕೂದಲೆಳೆಯಷ್ಟು ದಾರಿ ಉಳಿದಿತ್ತು.

ಮೇಸ್ತ್ರಿ ಕೊಡತಿ ಎತ್ತಿದ. ಮುಳ್ಳು ಹಸಿರು ಮುಟ್ಟಿತು. 'ನಿಮ್ಮ ಕಂಪ್ಯೂಟರ್ ಈಗ ವೇಗವಾಗಿದೆ.'

ಮಷಿನ್ನಿನ ತಲೆ ಮೈಕೊಡವಿಕೊಂಡು ಕೆಳಗಿಳಿಯಿತು.

ಅವಳು ಕಾಲಬಳಿ ಬಿದ್ದಿದ್ದ ಕ್ಲಾಂಪನ್ನು ಎರಡೂ ಕೈಯಲ್ಲಿ ಎತ್ತಿ ಕಂಪ್ಯೂಟರಿನ ಮೇಲೆ ಅಪ್ಪಳಿಸಿದಳು. ಹೊಳೆಯುವ ತಗಡು ತಗ್ಗಾಯಿತು. ಇನ್ನೊಂದು ಏಟಿಗೆ ಪಕ್ಕದ ಮುಚ್ಚಳ ಹಾರಿತು. ಮತ್ತೊಂದನ್ನು ಒಳಕ್ಕೇ ಹೊಡೆದಳು; ಹಲ್ಲು ಕಚ್ಚಿ, ಬಾಯಿಂದ ತನಗೇ ಗುರುತು ಸಿಗದ ಸದ್ದು ಹೊರಡಿಸುತ್ತಾ ಹೊಡೆದಳು. ಪರದೆ ಕಪ್ಪಾಯಿತು. ಮಷಿನ್ನಿನ ತಲೆ ಗಕ್ಕನೆ ನಿಂತಿತು.

ಅಷ್ಟರಲ್ಲಿ ಅದು ಮೇಲಿದ್ದ ಕೈಯನ್ನು ದಾಟಿ ಹೋಗಿತ್ತು. ಮೇಲಿದ್ದದ್ದು ಮೇಸ್ತ್ರಿಯ ಕೈ.

ಅವನು ಕೂಗಲಿಲ್ಲ. ಅಂಗೈಯ ಹಿಂಬದಿಯಲ್ಲಿ, ಕಿರುಬೆರಳಿನ ಬುಡದಿಂದ ಹೆಬ್ಬೆರಳಿನವರೆಗೆ ತೆರೆದುಕೊಂಡಿದ್ದ ಸೀಳನ್ನು, ಸೀಳು ಬಿಟ್ಟ ಹಲಗೆ ನೋಡುವಂತೆ ನೋಡಿದ. ಒಳಗೆ ಬೆಳ್ಳಗೆ ಏನೋ ಕಂಡಿತು, ಮರುಕ್ಷಣ ರಕ್ತ ತುಂಬಿ ಮುಚ್ಚಿತು. ಕೊಡತಿ ಜಾರಿ ಬಿತ್ತು. ಕೆಳಗಿದ್ದ ಕೈ ಅವನ ಕೈಯಡಿಯಿಂದ ನುಸುಳಿ ಬಂತು, ಪೂರ್ತಿಯಾಗಿ, ಐದೂ ಬೆರಳಿನೊಂದಿಗೆ.

ಆ ಐದು ಬೆರಳು ಮೊದಲು ಮಾಡಿದ ಕೆಲಸ ಕೊಡತಿಯನ್ನು ಎತ್ತಿಕೊಂಡದ್ದು. ಮುರಿದ ಪಕ್ಕೆಯನ್ನು ಒಂದು ಕೈಯಲ್ಲಿ ಹಿಡಿದು ಎದ್ದು ನಿಂತ ಪಾದರಸ, ಬಗ್ಗಿದ್ದ ಭಾವನ ತಲೆಯ ಮೇಲೆ ಅದನ್ನು ಎತ್ತಿದ. ಅವನ ಮುಖವೂ ಈಗ ಮೇಸ್ತ್ರಿಯ ಮುಖದಂತೆಯೇ ಇತ್ತು.

"ಕೆಳಗಿಡು" ಎಂದಳು ಅಕ್ಕ.

"ನನ್ನ ಕೈ ಮುರೀತಿದ್ದ ಅಕ್ಕ! ಇವನು..."

"ಕೆಳಗಿಡು. ಇಲ್ಲಾಂದ್ರೆ ಇದು ನಿನ್ನ ತಲೆ ಮೇಲೆ." ಕ್ಲಾಂಪ್ ಇನ್ನೂ ಅವಳ ಕೈಯಲ್ಲಿತ್ತು. ಅವಳು ತಮಾಷೆ ಮಾಡುತ್ತಿಲ್ಲವೆಂದು ಅವನಿಗೆ ಗೊತ್ತಾಯಿತು. ಕೊಡತಿ ನಿಧಾನವಾಗಿ ಇಳಿಯಿತು.

ಪಾಲಿಶ್ ಮಾಮ ಮೈತುಂಬ ಬಣ್ಣ ಮೆತ್ತಿಕೊಂಡೇ ಹಲಗೆಗಳನ್ನು ದಾಟಿ ಹೋಗಿ ಮೇನ್ ಸ್ವಿಚ್ಚು ಎಳೆದ. ಮುರಿದ ಬಿಟ್ಟಿನ ಕಿರುಚಾಟ ಇಳಿದು ಇಳಿದು ನಿಂತಿತು. ಈಗ ಕೇಳುತ್ತಿದ್ದದ್ದು ಹಲಗೆಯ ಮೇಲೆ ತೊಟ್ಟಿಕ್ಕುವ ಸದ್ದು ಮಾತ್ರ.

ಅವಳು ಪಾಲಿಶ್ ಬಟ್ಟೆಯ ಹೊಸ ಕಟ್ಟೊಂದನ್ನು ಬಿಚ್ಚಿ ಗಂಡನ ಕೈಗೆ ಬಿಗಿಯಾಗಿ ಸುತ್ತಿದಳು. ತಮ್ಮನನ್ನು ಕರೆದು, "ಇಲ್ಲಿ ಹಿಡ್ಕೋ. ಒತ್ತಿ ಹಿಡ್ಕೋ, ಬಿಡ್ಬೇಡ" ಎಂದಳು. ಪಾದರಸ ಭಾವನ ಮಣಿಕಟ್ಟನ್ನು ಒತ್ತಿ ಹಿಡಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಪಾಲಿಶ್ ಮಾಮ ವ್ಯಾನ್ ತರಲು ಹೋಗುವ ಮುನ್ನ ಒಡೆದ ಕಂಪ್ಯೂಟರಿನ ಬಳಿ ನಿಂತ. "ಇದೇನಮ್ಮ ಒಳಗೆ? ಕಂಬಳಿ ಇಟ್ಟಿದ್ರಾ?"

ಅವಳು ಬಗ್ಗಿ ನೋಡಿದಳು. ಫ್ಯಾನಿನ ಹಿಂದೆ, ಬಿಸಿ ಹೊರಗೆ ಹೋಗಬೇಕಾದ ತಗಡಿನ ಎಸಳುಗಳ ಸಂದಿಯಲ್ಲೆಲ್ಲ ಮರದ ಪುಡಿ ಗಟ್ಟಿಯಾಗಿ ಒತ್ತಿಕೊಂಡಿತ್ತು. ಬೆರಳಿನಿಂದ ಎಬ್ಬಿಸಿದಾಗ ಮೆತ್ತೆಯಂತೆ ಅಖಂಡವಾಗಿ ಎದ್ದು ಬಂತು. ಇನ್ನೂ ಬಿಸಿಯಿತ್ತು.

"ಒಳಗೆ ಇಷ್ಟು ಹೇಗೆ ಹೋಯ್ತು?"

"ನಾವು ಊದ್ತಿದ್ವಲ್ಲಮ್ಮ" ಎಂದ ಮಾಮ. "ದಿನಾ ಸಾಯಂಕಾಲ, ನೀವು ಮೇಲೆ ಹೋದ್ಮೇಲೆ. ಗಾಳಿ ಕಂಪ್ರೆಸರ್ ಪೈಪಿಂದ ನಮ್ಮ ಮೈಮೇಲಿನ ಪುಡಿ ಊದ್ಕೊಂಡು, ಮಷಿನ್ ಊದಿ, ಕೊನೇಗೆ ಈ ಡಬ್ಬದ ಜಾಲರಿಗೆ ಪೈಪಿಟ್ಟು ಜೋರಾಗಿ. ಮೇಸ್ತ್ರೀನೇ ಊದೋರು. ಕ್ಲೀನಾಗಿರ್ಲಿ ಅಂತ."

ಹೊರಗೆ ಹೊಳಪು ಬಂದಷ್ಟೂ ಪುಡಿ ಒಳಕ್ಕೆ ಹೋಗಿತ್ತು. ಒಂದು ಸ್ಕ್ರೂಡ್ರೈವರ್, ಬಣ್ಣ ಹಚ್ಚುವ ಒಂದು ಕುಂಚ ಸಾಕಾಗಿತ್ತು. ಸಾವಿರ ತೊಂದರೆ ಹುಡುಕಿದ ಸಾಫ್ಟ್‌ವೇರಿಗೆ ಇದೊಂದು ಸಿಕ್ಕಿರಲಿಲ್ಲ. ಸಿಗುವುದು ಸಾಧ್ಯವೂ ಇರಲಿಲ್ಲ. ಅವಳು ಆ ಮೆತ್ತೆಯನ್ನು ಗಂಡನಿಗೂ ತಮ್ಮನಿಗೂ ತೋರಿಸಿದಳು. ಮೇಸ್ತ್ರಿ ತಲೆ ತಿರುಗಿಸಿದ. ಪಾದರಸ, "ಅದೂ ಇರ್ಬಹುದು ಅಕ್ಕ, ಆದ್ರೆ ಸಾಫ್ಟ್‌ವೇರ್ ಕೂಡ..." ಎಂದು ಶುರುಮಾಡಿ, ಅವಳ ಕಣ್ಣು ನೋಡಿ ನಿಲ್ಲಿಸಿದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೂವರನ್ನೂ ನೋಡಿದಳು: ಸೀಳಿದ ಕೈ ಮತ್ತು ಮುಚ್ಚಿಹೋದ ಕಣ್ಣಿನ ಒಬ್ಬ, ಪಕ್ಕೆ ಹಿಡಿದುಕೊಂಡು ಅವನ ಮಣಿಕಟ್ಟನ್ನು ಇನ್ನೂ ಬಿಡದೆ ಒತ್ತಿಕೊಂಡಿದ್ದ ಇನ್ನೊಬ್ಬ, ಸೀರೆಯ ತುಂಬ ರಕ್ತವಿದ್ದೂ ಒಂದು ಗಾಯವೂ ಇಲ್ಲದ ಹೆಂಗಸು.

"ಹೇಗಾಯ್ತು ಇದು?"

"ಕಂಪ್ಯೂಟರ್ ಸ್ಲೋ ಆಗಿತ್ತು" ಎಂದ ಮೇಸ್ತ್ರಿ. "ಮಷಿನ್ ಕೆಟ್ಟು ಕೈ ಸಿಕ್ತು."

"ಇವರ ಪಕ್ಕೆಗೆ?"

ಪಾದರಸ ಒಂದು ಕ್ಷಣ ಭಾವನ ಕಡೆ ನೋಡಿದ. "ನಾನು ಬಿದ್ದೆ" ಎಂದ. "ಹೌದು ಡಾಕ್ಟ್ರೇ, ಕಂಪ್ಯೂಟರಿಂದಲೇ."

ಇಷ್ಟು ವರ್ಷಗಳಲ್ಲಿ ಅವರಿಬ್ಬರೂ ಒಂದೇ ಮಾತಿಗೆ ಬಂದದ್ದನ್ನು ಅವಳು ಕಂಡಿದ್ದು ಇದೇ ಮೊದಲು. ಭಾವ ಬಾಮೈದ ಇಬ್ಬರೂ ಅವಳನ್ನೇ ನೋಡುತ್ತಿದ್ದರು, ಅವಳೂ ತಲೆಯಾಡಿಸಲಿ ಎಂದು. ಆಡಿಸಿದರೆ ಸಂಜೆಗೆ ಎಲ್ಲರೂ ಮನೆಗೆ ಹೋಗಬಹುದಿತ್ತು. ಹೊಸ ಕಂಪ್ಯೂಟರ್ ಬರುತ್ತಿತ್ತು. ಕೊಡತಿ ಮತ್ತೆ ಅದರ ಮೊಳೆಗೆ ನೇತುಬೀಳುತ್ತಿತ್ತು.

"ಕಂಪ್ಯೂಟರ್ ಅಲ್ಲ" ಎಂದಳು. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದ ಮರದ ಪುಡಿಯ ಮೆತ್ತೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. "ಕಂಪ್ಯೂಟರ್ ಮಾಡಿದ್ದು ಇಷ್ಟೇ. ಉಳಿದದ್ದು ಹೇಳ್ತೀನಿ, ಬರ್ಕೊಳ್ಳಿ. ಇವರು ನನ್ನ ಗಂಡ. ಇವನು ನನ್ನ ತಮ್ಮ. ಇವರು ಇವನ ಕೈ ಮುರಿಯೋಕೆ ಕೊಡತಿ ಎತ್ತಿದ್ರು."

"ಏ" ಎಂದ ಮೇಸ್ತ್ರಿ, ಮೆಲ್ಲಗೆ.

ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದಳು. ಅವಳು ಗಂಡನ ಕಡೆ ತಿರುಗದೆ, ಪ್ರಯೋಗದ ವರದಿ ಓದುವಷ್ಟು ನಿಧಾನವಾಗಿ, ಗೋಡೆಗೆ ಬಡಿದ ಬಾಗಿಲಿನಿಂದ ಶುರುಮಾಡಿದಳು.